ಹೊಸ ಸಣ್ಣ ಟ್ರಾಕ್ಟರಿನ ಹೈಡ್ರಾಲಿಕ್ ತೊಂದರೆಗಳು: ತೋಟದವರಿಗೊಂದು ಸಮಗ್ರ ಮಾರ್ಗದರ್ಶಿ

ಅಡಿಕೆ ತೋಟದಲ್ಲಿ ಮರದಿಂದ ಮರಕ್ಕೆ 2.7 ಮೀಟರ್, ಅಂದರೆ ಸುಮಾರು ಒಂಬತ್ತು ಅಡಿ ಅಂತರವಿರಬೇಕೆಂಬುದು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ನೀಡುವ ಶಿಫಾರಸು. ಹಳೆಯ ತೋಟಗಳಲ್ಲಿ ಅಷ್ಟೂ ಇರುವುದಿಲ್ಲ, ನಡುವೆ ಬಸಿಗಾಲುವೆಗಳು ಬೇರೆ. ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ವರ್ಕಾಡಿ ಕಡೆಯ ಕೃಷಿಕರು 18ರಿಂದ 28 ಅಶ್ವಶಕ್ತಿಯ ಸಣ್ಣ ಟ್ರಾಕ್ಟರುಗಳನ್ನು ಆರಿಸಿಕೊಳ್ಳುವುದು ಈ ಕಾರಣಕ್ಕೇ. ಇಂಜಿನು ಕೈಕೊಟ್ಟಿತೆಂಬ ದೂರು ಹೊಸ ಟ್ರಾಕ್ಟರಿನಲ್ಲಿ ಅಪರೂಪ. ಮಣ್ಣು ಸಡಿಲಿಸುವ ರೋಟವೇಟರ್ ಏಳುವುದಿಲ್ಲ, ಎದ್ದದ್ದು ನಿಲ್ಲುವುದಿಲ್ಲ, ಟ್ರೈಲರ್ ಅರ್ಧಕ್ಕೆ ಎದ್ದು ನಿಂತಿತು, ಸೀಟಿನಡಿಯಿಂದ ಕಿರುಚುವ ಸದ್ದು ಬರುತ್ತದೆ ಎಂಬ ದೂರುಗಳು ಮಾತ್ರ ಮೊದಲ ಮಳೆಗಾಲದೊಳಗೇ ಶುರುವಾಗುತ್ತವೆ.

ಇಂತಹ ಹೊತ್ತಿನಲ್ಲಿ ಮಾಲೀಕನೂ ಕೆಲವೊಮ್ಮೆ ಮೆಕ್ಯಾನಿಕನೂ ಮೊದಲು ಸಂಶಯಿಸುವುದು ಪಂಪನ್ನು. ಹೊಸ ಟ್ರಾಕ್ಟರಿನ ಮಟ್ಟಿಗೆ ಇದು ತಲೆಕೆಳಗಾದ ಕ್ರಮ. ಪಂಪು ಕೆಡುವ ಸಾಧ್ಯತೆ ಎಲ್ಲಕ್ಕಿಂತ ಕಡಿಮೆ. ಲಿವರಿನ ಸ್ಥಾನ, ಎಣ್ಣೆಯ ಮಟ್ಟ, ಪಂಪು ಎಣ್ಣೆ ಎಳೆಯುವ ಬದಿಯಲ್ಲಿ ನುಗ್ಗುವ ಗಾಳಿ, ಮಾರಾಟಗಾರರು ನಂತರ ಜೋಡಿಸಿದ ಪೈಪುಗಳು ಇವೆಲ್ಲ ಅದಕ್ಕಿಂತ ಮೊದಲು ನೋಡಬೇಕಾದವು. ಇಲ್ಲಿ ಹೇಳುವ ಕ್ರಮವೂ ಅದೇ: ಸ್ಪಾನರ್ ಬೇಡದ ಪರೀಕ್ಷೆಯಿಂದ ಹೊರಟು ಗೇಜಿನವರೆಗೆ ಹೋಗುವುದು, ಸೀಲು ಹಾಕಿದ ಭಾಗವನ್ನು ಮಾತ್ರ ಮುಟ್ಟದಿರುವುದು.

ಒಳಗೆ ಏನು ನಡೆಯುತ್ತದೆ

ಹೆಚ್ಚಿನ ಸಣ್ಣ ಟ್ರಾಕ್ಟರುಗಳಲ್ಲಿ ಗೇರುಪೆಟ್ಟಿಗೆಯ ಎಣ್ಣೆಯೇ ಹೈಡ್ರಾಲಿಕ್ ಎಣ್ಣೆ. ಹಲವು ಮಾದರಿಗಳಲ್ಲಿ ಬ್ರೇಕುಗಳೂ ಅದೇ ಎಣ್ಣೆಯಲ್ಲಿ ಮುಳುಗಿರುತ್ತವೆ. ಇಂಜಿನು ತಿರುಗುವಷ್ಟು ಹೊತ್ತು ಗೇರ್ ಪಂಪು ಒಂದು ಜಾಲರಿ ಅಥವಾ ಫಿಲ್ಟರಿನ ಮೂಲಕ ಈ ಎಣ್ಣೆಯನ್ನು ಎಳೆದು ಮುಂದಕ್ಕೆ ತಳ್ಳುತ್ತದೆ. ಎಣ್ಣೆ ಮೊದಲು ಟ್ರೈಲರ್ ಅಥವಾ ಲೋಡರಿಗೆಂದು ಇರುವ ಹೆಚ್ಚುವರಿ ವಾಲ್ವನ್ನು ಹಾದು, ಅಲ್ಲಿಂದ ಉಪಕರಣವನ್ನು ಎತ್ತುವ ಹಿಂಬದಿಯ ಲಿಫ್ಟಿನ ವಾಲ್ವಿಗೆ ಬಂದು, ಕೆಲಸವಿಲ್ಲದಿದ್ದರೆ ಪುನಃ ಪೆಟ್ಟಿಗೆಗೇ ಸೇರುತ್ತದೆ. ಒತ್ತಡವೆಂಬುದು ಪಂಪಿನಿಂದ ತಾನಾಗಿ ಹುಟ್ಟುವಂತಹುದಲ್ಲ. ಹರಿಯುವ ಎಣ್ಣೆಗೆ ಭಾರ ಅಡ್ಡ ಬಂದಾಗ ಮಾತ್ರ ಅದು ಏರುತ್ತದೆ. ಏರಿಕೆ ಮಿತಿ ಮೀರದಂತೆ ರಿಲೀಫ್ ವಾಲ್ವು ಕಾಯುತ್ತದೆ. ಈ ವರ್ಗದ ಟ್ರಾಕ್ಟರುಗಳಲ್ಲಿ ಆ ಮಿತಿ ಸಾಮಾನ್ಯವಾಗಿ 150ರಿಂದ 200 ಬಾರ್ ನಡುವೆ ಇರುತ್ತದೆ.

ಎರಡು ಸಂಗತಿಗಳನ್ನು ಇಲ್ಲಿಯೇ ಗಟ್ಟಿಮಾಡಿಕೊಳ್ಳಬೇಕು. ಒಂದು, ಎಣ್ಣೆ ಸಾಲಾಗಿ ಒಂದು ವಾಲ್ವಿನಿಂದ ಇನ್ನೊಂದಕ್ಕೆ ಹೋಗುವುದರಿಂದ ಮೊದಲು ಬರುವ ವಾಲ್ವು ತಡೆಹಿಡಿದರೆ ಅದರ ನಂತರದ್ದಕ್ಕೆ ಏನೂ ಸಿಗದು. ಎರಡು, ಹಿಂಬದಿಯ ಲಿಫ್ಟು ಎತ್ತುತ್ತದೆಯೇ ಹೊರತು ಕೆಳಕ್ಕೆ ಒತ್ತುವುದಿಲ್ಲ. ಉಪಕರಣ ಇಳಿಯುವುದು ತನ್ನ ಭಾರದಿಂದಲೇ. ಮುರಕಲ್ಲಿನ ಗಟ್ಟಿ ನೆಲದಲ್ಲಿ ಗುಂಡಿ ತೋಡುವ ಆಗರ್ ಇಳಿಯುವುದಿಲ್ಲವೆಂದು ಹೈಡ್ರಾಲಿಕ್ಕಿನ ಮೇಲೆ ದೂರು ಕೊಡುವವರಿದ್ದಾರೆ. ಅಲ್ಲಿ ಬೇಕಿರುವುದು ಆಗರಿನ ಮೇಲೆ ಹೆಚ್ಚಿನ ತೂಕ, ಹರಿತವಾದ ಹಲ್ಲು, ಇಲ್ಲವೇ ಒಂದು ಮಳೆ, ಮೆಕ್ಯಾನಿಕನಲ್ಲ.

ಕೈ ಹಾಕುವ ಮೊದಲು

ಉಪಕರಣವನ್ನು ನೆಲಕ್ಕಿಳಿಸಿ, ಪಿಟಿಒ (ಉಪಕರಣವನ್ನು ತಿರುಗಿಸುವ ಹಿಂಬದಿಯ ಶಾಫ್ಟ್) ಬಿಡಿಸಿ, ಇಂಜಿನು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿದ ಬಳಿಕ ಎಲ್ಲ ಹೈಡ್ರಾಲಿಕ್ ಲಿವರುಗಳನ್ನು ಒಂದೆರಡು ಸಲ ಹಿಂದೆ ಮುಂದೆ ಆಡಿಸಬೇಕು. ಪೈಪಿನಲ್ಲಿ ಸಿಕ್ಕಿಕೊಂಡ ಒತ್ತಡ ಆಗ ಇಳಿಯುತ್ತದೆ. ಎತ್ತಿದ ರೋಟವೇಟರಿನ ಕೆಳಗೆ ಕೆಲಸ ಮಾಡಬೇಕಾಗಿ ಬಂದರೆ ದಪ್ಪ ಮರದ ದಿಮ್ಮಿಗಳ ಆಸರೆ ಕಡ್ಡಾಯ; ಎಣ್ಣೆಯ ಬಲದಲ್ಲಿ ನಿಂತ ಭಾರವನ್ನು ನಂಬಿ ಯಾರೂ ಅದರಡಿಗೆ ತಲೆ ಹಾಕಬಾರದು. ಟ್ರೈಲರ್ ಎದ್ದಿರುವಾಗಲೂ ಇದೇ ನಿಯಮ.

ಸೋರಿಕೆಯನ್ನು ಬೆರಳಿನಿಂದ ತಡವಿ ಹುಡುಕುವ ಅಭ್ಯಾಸ ಅತ್ಯಂತ ಅಪಾಯಕಾರಿ. ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ಎಣ್ಣೆ ಕೈಗವಸನ್ನೂ ಚರ್ಮವನ್ನೂ ತೂರಿ ಒಳಗೆ ಹೋಗಬಲ್ಲದು. ಹೊರಗೆ ಸೊಳ್ಳೆ ಕಚ್ಚಿದಷ್ಟೇ ಗುರುತು ಕಾಣಬಹುದು, ನೋವೂ ಮೊದಲಿಗೆ ಇರದಿರಬಹುದು. ಆದರೆ ಒಳಗಿನ ಮಾಂಸ ಗಂಟೆಗಳೊಳಗೆ ಸಾಯತೊಡಗುತ್ತದೆ. ಹಾಗಾದರೆ ಮುಲಾಮು ಹಚ್ಚಿ ಕಾಯದೆ, ಶಸ್ತ್ರಚಿಕಿತ್ಸೆಯ ಸೌಲಭ್ಯವುಳ್ಳ ಆಸ್ಪತ್ರೆಗೆ ಕೂಡಲೇ ಹೋಗಿ, ಒತ್ತಡದ ಎಣ್ಣೆ ಚರ್ಮದೊಳಗೆ ಹೋಗಿದೆಯೆಂದು ವೈದ್ಯರಿಗೆ ಸ್ಪಷ್ಟವಾಗಿ ತಿಳಿಸಬೇಕು. ಸೋರಿಕೆ ಹುಡುಕಲು ಒಂದು ರಟ್ಟಿನ ತುಂಡನ್ನು ಪೈಪಿನ ಉದ್ದಕ್ಕೂ ಹಿಡಿದು ಸಾಗಿಸಿದರೆ ಸಾಕು, ಕಲೆ ತಾನಾಗಿ ಕಾಣುತ್ತದೆ.

ಹೆಜ್ಜೆ 1: ಲಿವರು, ತಿರುಪು, ಕೊಂಡಿ

ಹೆಚ್ಚುವರಿ ವಾಲ್ವಿನ ಲಿವರು ನಡುವಿನ ತಟಸ್ಥ ಸ್ಥಾನದಲ್ಲಿದೆಯೇ ನೋಡಬೇಕು. ಕೆಲವು ಲಿವರುಗಳು ತಳ್ಳಿದಲ್ಲೇ ಕಚ್ಚಿ ನಿಲ್ಲುತ್ತವೆ. ಟ್ರೈಲರ್ ಬಿಡಿಸಿದ ಮೇಲೆ ಲಿವರು ಹಾಗೇ ಉಳಿದುಬಿಟ್ಟರೆ ಎಣ್ಣೆಯೆಲ್ಲ ಮುಚ್ಚಿದ ಕಪ್ಲರಿನ (ಹೋಸು ಸಿಕ್ಕಿಸುವ ಜೋಡಣೆಯ) ಮುಂದೆ ನಿಂತು, ರಿಲೀಫ್ ವಾಲ್ವು ಕಿರುಚುತ್ತದೆ, ಎಣ್ಣೆ ಬಿಸಿಯಾಗುತ್ತದೆ, ಹಿಂಬದಿಯ ಲಿಫ್ಟು ಸತ್ತಂತೆ ಬಿದ್ದಿರುತ್ತದೆ. ತೊಂದರೆ ಮೂರಾಗಿ ಕಂಡರೂ ಕಾರಣ ಒಂದೇ.

ಎರಡನೆಯದು, ಸೀಟಿನ ಮುಂಭಾಗದಲ್ಲಿ ಅಥವಾ ಅಡಿಯಲ್ಲಿರುವ, ಇಳಿಯುವ ವೇಗವನ್ನು ಹೊಂದಿಸುವ ತಿರುಪು. ಇದನ್ನು ಪೂರ್ತಿ ಬಿಗಿದರೆ ಲಿಫ್ಟು ಇದ್ದಲ್ಲೇ ಬೀಗ ಹಾಕಿದಂತಾಗುತ್ತದೆ. ಸಾಗಿಸುವಾಗ ಬಿಗಿದದ್ದನ್ನು ಯಾರೂ ಸಡಿಲಿಸದೆ ಟ್ರಾಕ್ಟರನ್ನು ಒಪ್ಪಿಸಿದ್ದರೆ ಉಪಕರಣ ಇಳಿಯುವುದಿಲ್ಲವೆಂಬ ದೂರು ಸಹಜವಾಗಿಯೇ ಬರುತ್ತದೆ.

ಮೂರನೆಯದು, ಪೊಸಿಷನ್ (ಉಪಕರಣದ ಎತ್ತರವನ್ನು ಕಾಯುವ) ಮತ್ತು ಡ್ರಾಫ್ಟ್ (ಎಳೆತದ ಭಾರಕ್ಕೆ ತಕ್ಕಂತೆ ಆಳ ಬದಲಿಸುವ) ಎಂಬ ಎರಡು ಲಿವರುಗಳಿರುವ ಮಾದರಿಗಳು. ಒಂದನ್ನು ಬಳಸುವಾಗ ಇನ್ನೊಂದನ್ನು ಎಲ್ಲಿ ನಿಲ್ಲಿಸಬೇಕೆಂದು ಕೈಪಿಡಿ ಹೇಳಿರುತ್ತದೆ. ತಪ್ಪು ಜಾಗದಲ್ಲಿದ್ದರೆ ಲಿಫ್ಟಿನ ತೋಳುಗಳು ಪೂರ್ತಿ ಏಳುವುದೂ ಇಲ್ಲ, ಪೂರ್ತಿ ಇಳಿಯುವುದೂ ಇಲ್ಲ. ರೋಟವೇಟರಿಗೆ ಪೊಸಿಷನ್, ನೇಗಿಲಿಗೆ ಡ್ರಾಫ್ಟ್ ಎಂಬುದು ಸಾಮಾನ್ಯ ನಿಯಮ. ರೋಟವೇಟರನ್ನು ಡ್ರಾಫ್ಟಿನಲ್ಲಿ ಓಡಿಸಿದರೆ ಆಳ ಒಂದೇ ಸಮ ಬಾರದೆ ಏರಿಳಿಯಬಹುದು; ಅದು ಯಂತ್ರದ ದೋಷವಲ್ಲ.

ಲಿವರುಗಳು ಸರಿಯಾಗಿದ್ದರೆ ಕಬ್ಬಿಣದ ಕೊಂಡಿಗಳತ್ತ ಗಮನ ಕೊಡಬೇಕು. ರೋಟವೇಟರಿನ ಪಿಟಿಒ ಶಾಫ್ಟ್ ದೊಡ್ಡ ಟ್ರಾಕ್ಟರಿನ ಅಳತೆಗೆ ಬಂದಿರುವುದು ಸಾಮಾನ್ಯ. ಸಣ್ಣ ಟ್ರಾಕ್ಟರಿಗೆ ಅದನ್ನು ಕತ್ತರಿಸಿ ಹೊಂದಿಸಬೇಕಾಗುತ್ತದೆ. ಉದ್ದ ಹೆಚ್ಚಿದ್ದರೆ ಎತ್ತುವಾಗ ಎರಡು ಕೊಳವೆಗಳೂ ಒಂದರ ತಳಕ್ಕೆ ಇನ್ನೊಂದು ತಾಗಿ, ಲಿಫ್ಟು ಅರ್ಧಕ್ಕೆ ನಿಂತು ಕಿರುಚುತ್ತದೆ. ಒತ್ತಾಯಿಸಿದರೆ ಪಿಟಿಒ ಬೇರಿಂಗಿಗೆ ಏಟು. ಶಾಫ್ಟನ್ನು ಕಳಚಿ, ಅದೇ ರೋಟವೇಟರನ್ನು ಎತ್ತಿ ನೋಡಿದರೆ ಕಾರಣ ಇದು ಹೌದೋ ಅಲ್ಲವೋ ತಿಳಿದುಹೋಗುತ್ತದೆ.

ಭಾರದ ಲೆಕ್ಕವನ್ನೂ ಒಮ್ಮೆ ಹಾಕಬೇಕು. ಈ ವರ್ಗದ ಹಲವು ಟ್ರಾಕ್ಟರುಗಳ ಎತ್ತುವ ಸಾಮರ್ಥ್ಯ 750 ಕೆಜಿಯ ಆಸುಪಾಸು ಎಂದು ಬರೆದಿರುತ್ತದೆ. ಆದರೆ ಆ ಅಳತೆ ತೋಳುಗಳ ತುದಿಯದು. ಭಾರದ ನಡುಬಿಂದು ಹಿಂದಕ್ಕೆ ಸರಿದಷ್ಟೂ ಎತ್ತುವ ಶಕ್ತಿ ಕುಗ್ಗುತ್ತದೆ. ಮಧ್ಯಪ್ರದೇಶದ ಬುಧ್ನಿಯಲ್ಲಿರುವ ಕೇಂದ್ರ ಸರ್ಕಾರದ ಪರೀಕ್ಷಾ ಸಂಸ್ಥೆಯ ವರದಿಗಳಲ್ಲಿ ಲಿಫ್ಟಿನ ಸಾಮರ್ಥ್ಯವನ್ನೂ ಪಂಪಿನ ಹರಿವನ್ನೂ ಅಳೆದು ಬರೆದಿರುತ್ತಾರೆ. ನಿಮ್ಮ ಮಾದರಿಯ ವರದಿ ಸಿಕ್ಕಿದರೆ ಮಾರಾಟದ ಕರಪತ್ರಕ್ಕಿಂತ ಅದನ್ನೇ ನೆಚ್ಚಿಕೊಳ್ಳುವುದು ಒಳ್ಳೆಯದು.

ಹೆಜ್ಜೆ 2: ಎಣ್ಣೆ

ಟ್ರಾಕ್ಟರನ್ನು ಸಮತಟ್ಟಾದ ಅಂಗಳದಲ್ಲಿ ನಿಲ್ಲಿಸಿ, ತೋಳುಗಳನ್ನು ಪೂರ್ತಿ ಇಳಿಸಿ, ಇಂಜಿನು ನಿಲ್ಲಿಸಿ, ಎಣ್ಣೆ ಇಳಿಯಲು ಹತ್ತು ನಿಮಿಷವಾದರೂ ಬಿಟ್ಟು ಕಡ್ಡಿಯಲ್ಲಿ ಮಟ್ಟ ನೋಡಬೇಕು. ನಮ್ಮಲ್ಲಿ ಸಮತಟ್ಟಾದ ಜಾಗ ಹುಡುಕುವುದೇ ಒಂದು ಕೆಲಸ, ನಿಜ; ಆದರೂ ಇಳಿಜಾರಿನಲ್ಲಿ ನೋಡಿದ ಮಟ್ಟಕ್ಕೆ ಅರ್ಥವಿಲ್ಲ. ಹೊಸ ಟ್ರಾಕ್ಟರಿನಲ್ಲಿ ಎಣ್ಣೆ ಸರಿಯಾಗಿಯೇ ಇರುತ್ತದೆಂದು ನಂಬಿ ಕೂರುವಂತಿಲ್ಲ. ಹೆಚ್ಚುವರಿ ವಾಲ್ವು, ಉದ್ದದ ಹೋಸು, ಲೋಡರಿನ ಸಿಲಿಂಡರು ಜೋಡಿಸಿದಾಗ ಅವುಗಳನ್ನು ತುಂಬಲು ಹೋದ ಎಣ್ಣೆಯನ್ನು ಪುನಃ ತುಂಬದೆ ಬಿಟ್ಟಿರಬಹುದು. ಟ್ರೈಲರಿನ ಜಾಕ್ ಕೂಡ ಪೆಟ್ಟಿಗೆಯ ಎಣ್ಣೆಯನ್ನೇ ಕುಡಿಯುತ್ತದೆ. ಟ್ರೈಲರ್ ಮುಕ್ಕಾಲು ಎದ್ದು ನಿಂತು, ಪಂಪು ಗೊರಗೊರ ಎಂದರೆ ಮೊದಲ ಅನುಮಾನ ಮಟ್ಟದ ಮೇಲಿರಲಿ. ತೋಟಕ್ಕಿಳಿಯುವ ಕಡಿದಾದ ದಾರಿಯಲ್ಲಿ ಮಾತ್ರ ಲಿಫ್ಟು ಸೋತು, ಸಮನೆಲದಲ್ಲಿ ಸರಿಯಾಗುತ್ತಿದ್ದರೂ ಕಾರಣ ಅದೇ: ಎಣ್ಣೆ ಒಂದು ಬದಿಗೆ ವಾಲಿ, ಎಳೆಯುವ ಬಾಯಿ ಗಾಳಿಗೆ ತೆರೆದುಕೊಳ್ಳುತ್ತದೆ.

ಬಣ್ಣ ನೋಡುವುದು ಮಟ್ಟ ನೋಡಿದಷ್ಟೇ ಮುಖ್ಯ. ನೊರೆ ಇದ್ದರೆ ಗಾಳಿ ಸೇರಿದೆ. ಹಾಲು ಬೆರೆಸಿದ ಚಹಾದಂತೆ ಕಂಡರೆ ನೀರು ಸೇರಿದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ಜಿಲ್ಲೆಯಲ್ಲಿ ನೀರು ಒಳಗೆ ಹೋಗಲು ದಾರಿಗಳು ಹಲವು: ಗೇರುಪೆಟ್ಟಿಗೆಯ ಉಸಿರುಮೂತಿಗೆ ನೇರವಾಗಿ ಪಂಪಿನ ನೀರು ಹೊಡೆದು ತೊಳೆಯುವುದು, ಮುಚ್ಚಳ ಕಳೆದುಹೋದ ಕಡ್ಡಿಯ ರಂಧ್ರ, ಗದ್ದೆಯ ಕೆಸರಿನಲ್ಲಿ ಹಿಂದಿನ ಅಚ್ಚು ಮುಳುಗುವಷ್ಟು ಉತ್ತಾಗ ಸೋತ ಸೀಲು. ನೀರು ಬೆರೆತ ಎಣ್ಣೆಯನ್ನು ಬಿಸಿಲಿಗೆ ನಿಲ್ಲಿಸಿ ಸರಿಮಾಡುವ ಉಪಾಯಗಳನ್ನು ನಂಬಬೇಡಿ. ಎಣ್ಣೆಯನ್ನೂ ಫಿಲ್ಟರನ್ನೂ ಬದಲಾಯಿಸಿ, ನೀರು ಬಂದ ದಾರಿಯನ್ನು ಮುಚ್ಚಬೇಕು.

ತುಂಬುವ ಎಣ್ಣೆ ಕೈಪಿಡಿಯಲ್ಲಿ ಹೇಳಿದ ದರ್ಜೆಯದೇ ಆಗಿರಬೇಕು. ಪಂಪು, ಗೇರು, ಬ್ರೇಕು ಮೂರಕ್ಕೂ ಒಂದೇ ಎಣ್ಣೆಯಾಗಿರುವ ಕಡೆ ಮನೆಯಲ್ಲಿ ಉಳಿದ ಇಂಜಿನ್ ಆಯಿಲನ್ನು ಸುರಿದರೆ ಲಿಫ್ಟು ಬಹುಶಃ ಕೆಲಸ ಮಾಡೀತು, ಆದರೆ ಬ್ರೇಕು ಕಿರುಗುಟ್ಟಲು ಅಥವಾ ಜಾರಲು ತೊಡಗಬಹುದು. ಜೊತೆಗೆ ವಾರಂಟಿಯನ್ನು ತಿರಸ್ಕರಿಸಲು ಕಂಪನಿಗೆ ಸುಲಭದ ಕಾರಣವೊಂದನ್ನು ಕೊಟ್ಟಂತಾಗುತ್ತದೆ.

ಹೆಜ್ಜೆ 3: ಎಳೆಯುವ ಬದಿ

ಪಂಪಿಗೆ ಬರುವ ಎಣ್ಣೆಗೆ ತಡೆಯಿದ್ದರೆ ಅಥವಾ ಅದರೊಂದಿಗೆ ಗಾಳಿ ನುಗ್ಗಿದರೆ ಇಂಜಿನಿನ ವೇಗಕ್ಕೆ ತಕ್ಕಂತೆ ಏರುವ ಊಳಿಡುವ ಸದ್ದು ಕೇಳುತ್ತದೆ, ಲಿಫ್ಟು ತಡವರಿಸುತ್ತ ಏಳುತ್ತದೆ. ಈ ಬದಿಯ ವಿಚಿತ್ರವೆಂದರೆ ಇಲ್ಲಿನ ದೋಷ ಹೊರಗೆ ಸೋರಿಕೆಯಾಗಿ ಕಾಣಿಸಿಕೊಳ್ಳದು. ಇಂಜಿನು ನಡೆಯುವಾಗ ಎಣ್ಣೆ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಹಾಗಾಗಿ ಎಳೆಯುವ ಪೈಪಿನ ಕ್ಲಿಪ್ಪುಗಳನ್ನು, ಫಿಲ್ಟರಿನ ಕುತ್ತಿಗೆಯನ್ನು, ಓ-ರಿಂಗ್ (ರಬ್ಬರಿನ ಬಳೆ) ಇರುವ ಕೀಲುಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. ಸಂಶಯವಿರುವ ಕೀಲಿನ ಸುತ್ತ ಗ್ರೀಸನ್ನು ದಪ್ಪಗೆ ಬಳಿದು ಇಂಜಿನು ನಡೆಸಿದಾಗ ಸದ್ದು ತಗ್ಗಿದರೆ ಗಾಳಿಯ ದಾರಿ ಸಿಕ್ಕಿತೆಂದೇ ಅರ್ಥ. ತಿರುಗುವ ಬೆಲ್ಟು, ಫ್ಯಾನುಗಳ ಹತ್ತಿರದ ಕೀಲುಗಳಿಗೆ ಮಾತ್ರ ಇಂಜಿನು ನಿಲ್ಲಿಸಿಯೇ ಬಳಿಯಬೇಕು.

ಮೊದಲ ಸರ್ವಿಸು ಹಲವು ಕಂಪನಿಗಳಲ್ಲಿ 50 ಗಂಟೆಗೆ ಬರುತ್ತದೆ. ಹೊಸ ಗೇರುಗಳು ಒಂದಕ್ಕೊಂದು ಉಜ್ಜಿಕೊಂಡು ಹೊಂದಿಕೊಳ್ಳುವ ಕಾಲವಾದ್ದರಿಂದ ಫಿಲ್ಟರಿನಲ್ಲಿ ಕಸ ಹೆಚ್ಚು ಸೇರುವುದು ಆಗಲೇ. ತೆಗೆದ ಫಿಲ್ಟರನ್ನೂ ಆಯಸ್ಕಾಂತವಿರುವ ತಿರುಪನ್ನೂ ನಿಮ್ಮೆದುರೇ ತೋರಿಸಲು ಕೇಳಿರಿ. ಆಯಸ್ಕಾಂತಕ್ಕೆ ನಯವಾದ ಬೂದು ಬಣ್ಣದ ಕೆಸರು ಮೆತ್ತಿದ್ದರೆ ಚಿಂತೆಯಿಲ್ಲ. ಬೆರಳಿಗೆ ಚುಚ್ಚುವ ಲೋಹದ ಚೂರು, ಬಣ್ಣದ ಹಕ್ಕಳೆ, ರಬ್ಬರಿನ ತುಣುಕು ಕಂಡರೆ ಫೋಟೊ ತೆಗೆದಿಟ್ಟು ಜಾಬ್ ಕಾರ್ಡಿನಲ್ಲಿ ಬರೆಸಬೇಕು. ಫಿಲ್ಟರ್ ಬದಲಾಯಿಸಿದ ನಂತರ ಒಳಗೆ ಉಳಿದ ಗಾಳಿಯನ್ನು ಹೊರಹಾಕಲು, ಕಡಿಮೆ ವೇಗದಲ್ಲಿ, ಭಾರವಿಲ್ಲದೆ, ತೋಳುಗಳನ್ನು ಹಲವು ಸಲ ಪೂರ್ತಿ ಏರಿಸಿ ಇಳಿಸಿ, ಮತ್ತೆ ಮಟ್ಟ ನೋಡಬೇಕು.

ಹೆಜ್ಜೆ 4: ನಂತರ ಜೋಡಿಸಿದ ವಾಲ್ವು ಮತ್ತು ಪೈಪುಗಳು

ಕಾರ್ಖಾನೆಯಿಂದ ಬಂದಂತೆಯೇ ಇರುವ ಟ್ರಾಕ್ಟರಿಗಿಂತ ಊರಿನಲ್ಲಿ ಲೋಡರು, ಟಿಪ್ಪಿಂಗ್ ಸಂಪರ್ಕ, ಸೌದೆ ಸೀಳುವ ಯಂತ್ರ ಇತ್ಯಾದಿ ಜೋಡಿಸಿದ ಟ್ರಾಕ್ಟರಿನಲ್ಲಿ ತೊಂದರೆ ಹೆಚ್ಚು. ಅದಕ್ಕೆ ಕಾರಣ ಹೆಚ್ಚಾಗಿ ಪೈಪುಗಳ ದಾರಿ ತಪ್ಪಿರುವುದು. ಹೆಚ್ಚುವರಿ ವಾಲ್ವಿಗೆ, ಉಪಕರಣಕ್ಕೆ ಹೋಗುವ ಪೈಪುಗಳಲ್ಲದೆ, ಮೂರು ಸಂಪರ್ಕಗಳಿರಬೇಕು: ಪಂಪಿನಿಂದ ಒಳಬರುವುದು, ಪೆಟ್ಟಿಗೆಗೆ ಮರಳುವುದು, ಹಿಂಬದಿಯ ಲಿಫ್ಟಿಗೆ ಮುಂದುವರಿಯುವುದು. ಮೂರನೆಯದಕ್ಕೆ ಪವರ್ ಬಿಯಾಂಡ್ ಎನ್ನುತ್ತಾರೆ, ಮತ್ತು ಅದಕ್ಕೆ ವಾಲ್ವಿನೊಳಗೆ ಪ್ರತ್ಯೇಕ ಬುಶ್ ಹಾಕಬೇಕಾಗುತ್ತದೆ. ಲೋಡರ್ ಚೆನ್ನಾಗಿ ಏಳುತ್ತದೆ, ಆದರೆ ಹಿಂಬದಿಯ ಲಿಫ್ಟು ಅಲುಗುವುದೇ ಇಲ್ಲ ಎಂದಾದರೆ ಮುಂದುವರಿಯಬೇಕಾದ ಪೈಪು ಪೆಟ್ಟಿಗೆಗೆ ಸೇರಿದೆಯೆಂದು ಊಹಿಸಬಹುದು. ಇದಕ್ಕಿಂತ ಕೆಟ್ಟದ್ದು, ಆ ಬುಶ್ ಇಲ್ಲದೆ ಮರಳುವ ಬಾಯಿಯಿಂದಲೇ ಲಿಫ್ಟಿಗೆ ಎಣ್ಣೆ ಕೊಡುವುದು. ಆರಂಭದಲ್ಲಿ ಎರಡೂ ಕೆಲಸ ಮಾಡುತ್ತವೆ. ಆದರೆ ಹಿಂದೆ ಭಾರ ಎತ್ತುವಾಗಲೆಲ್ಲ, ಕಡಿಮೆ ಒತ್ತಡಕ್ಕೆಂದು ಮಾಡಿದ ಮರಳುವ ಕೋಣೆಯ ಮೇಲೆ ಪೂರ್ಣ ಒತ್ತಡ ಬಿದ್ದು, ಒಂದು ದಿನ ಸೀಲು ಹಾರುತ್ತದೆ ಅಥವಾ ವಾಲ್ವಿನ ಒಡಲೇ ಬಿರುಕು ಬಿಡುತ್ತದೆ. ಜೋಡಿಸಿದ ದಿನವೇ ಮೂರೂ ಪೈಪುಗಳನ್ನು ಕಣ್ಣಾರೆ ಹಿಂಬಾಲಿಸಿ, ಅವು ಎಲ್ಲಿಂದ ಎಲ್ಲಿಗೆ ಹೋಗುತ್ತವೆಂದು ಒಂದು ಕಾಗದದಲ್ಲಿ ಚಿತ್ರ ಬರೆಸಿಕೊಳ್ಳುವುದು ಅತಿಯೆನಿಸಿದರೂ ಬಿಡಬಾರದು.

ಕಪ್ಲರುಗಳು ಅರ್ಧ ಕೂತಿದ್ದರೆ ಒಳಗಿನ ಗುಂಡು ತೆರೆಯುವುದಿಲ್ಲ, ಎಣ್ಣೆ ಹೋಗುವುದಿಲ್ಲ. ಅಥವಾ ಹೋದದ್ದು ಮರಳುವುದಿಲ್ಲ, ಎದ್ದ ಟ್ರೈಲರ್ ಎದ್ದಲ್ಲೇ ಉಳಿಯುತ್ತದೆ. ಟ್ರಾಕ್ಟರಿನ ಬದಿಯಲ್ಲಿ ಒತ್ತಡ ಉಳಿದು ಕಪ್ಲರ್ ಕೂರದಿದ್ದರೆ ಸುತ್ತಿಗೆ ಎತ್ತದೆ, ಇಂಜಿನು ನಿಲ್ಲಿಸಿ ಲಿವರಾಡಿಸಿ ಒತ್ತಡ ಇಳಿಸಿದರಾಯಿತು. ಇನ್ನು ತಿರುಪಿನ ಎಳೆಗಳ ವಿಷಯ: ಬಿಎಸ್‌ಪಿ, ಎನ್‌ಪಿಟಿ, ಮೆಟ್ರಿಕ್ ಎಂಬ ಬೇರೆ ಬೇರೆ ಅಳತೆಯ ಎಳೆಗಳು ನೋಡಲು ಒಂದೇ ರೀತಿ ಇದ್ದು, ಒಂದೆರಡು ಸುತ್ತು ಹೋಗಿ ಬಿಗಿಯುತ್ತವೆ. ಹಾಗೆ ಬಿಗಿದ ಕೀಲು ಸೋರದೆ ಇರದು. ಓ-ರಿಂಗ್ ಅಥವಾ ಕೋನಾಕಾರದ ಕೀಲಿಗೆ ಟೆಫ್ಲಾನ್ ಟೇಪು ಸುತ್ತಿದರೆ ಅದರ ಚೂರುಗಳು ವಾಲ್ವಿನೊಳಗೆ ಸೇರಿ ಇನ್ನೊಂದು ತೊಂದರೆಯಾಗುತ್ತದೆ.

ಟ್ರೈಲರನ್ನು ನೆರೆಹೊರೆಯವರೊಡನೆ ಹಂಚಿಕೊಳ್ಳುವುದು ನಮ್ಮಲ್ಲಿ ಒಳ್ಳೆಯ ರೂಢಿ, ಆದರೆ ಅದರ ಜಾಕಿನಲ್ಲಿರುವ ಎಣ್ಣೆಯೂ ಜೊತೆಗೆ ಬರುತ್ತದೆಂಬುದನ್ನು ಮರೆಯಬಾರದು. ಹಳೆಯ ಟ್ರಾಕ್ಟರಿನ ಕಪ್ಪು ಎಣ್ಣೆ, ಕಪ್ಲರಿನ ತುದಿಗೆ ಮೆತ್ತಿದ ಕೆಂಪು ಧೂಳು ಎರಡೂ ನಿಮ್ಮ ಹೊಸ ಪೆಟ್ಟಿಗೆಗೇ ಹೋಗಿ ಸೇರುತ್ತವೆ. ಜೋಡಿಸುವ ಮೊದಲು ಎರಡೂ ತುದಿಗಳನ್ನು ಶುಚಿಯಾದ ಬಟ್ಟೆಯಿಂದ ಒರೆಸುವುದು, ಬಿಡಿಸಿದ ಮೇಲೆ ಮುಚ್ಚಳ ಹಾಕುವುದು ಅಭ್ಯಾಸವಾಗಬೇಕು.

ಹೆಜ್ಜೆ 5: ಇಳಿತದ ಪರೀಕ್ಷೆ

ಎತ್ತಿದ ಉಪಕರಣ ತಾನಾಗಿ ಇಳಿಯುವುದು, ಅಥವಾ ಇಂಜಿನು ನಡೆಯುವಾಗ ಕೆಲವು ಕ್ಷಣಗಳಿಗೊಮ್ಮೆ ತಲೆದೂಗಿದಂತೆ ಇಳಿದು ಮತ್ತೆ ಏಳುವುದು, ಎರಡೂ ಒಳಸೋರಿಕೆಯ ಲಕ್ಷಣಗಳು. ಸೋರಿದಷ್ಟನ್ನು ಲಿಫ್ಟು ತಾನೇ ಸರಿಪಡಿಸಿಕೊಳ್ಳುವುದರಿಂದ ತಲೆದೂಗಾಟ ಉಂಟಾಗುತ್ತದೆ. ಸೋರಿಕೆ ಎಲ್ಲಿ ಎಂದು ಬಿಚ್ಚದೆಯೇ ತಿಳಿಯಲು ಸಾಧ್ಯವಿದೆ.

ರೋಟವೇಟರನ್ನು ಎತ್ತಿ, ಸುತ್ತ ಮಕ್ಕಳೂ ನಾಯಿಗಳೂ ಬಾರದಂತೆ ನೋಡಿಕೊಂಡು, ಇಂಜಿನು ನಿಲ್ಲಿಸಿ, ನೆಲದಿಂದ ತೋಳಿನ ತುದಿಗೆ ಅಳತೆ ತೆಗೆಯಿರಿ. ಹತ್ತು ನಿಮಿಷದ ನಂತರ ಪುನಃ ಅಳೆಯಿರಿ. ಬಳಿಕ ಮತ್ತೆ ಮೊದಲಿನ ಎತ್ತರಕ್ಕೆ ಎತ್ತಿ, ಈ ಬಾರಿ ಇಳಿಯುವ ವೇಗದ ತಿರುಪನ್ನು ಪೂರ್ತಿ ಬಿಗಿದು ಅದೇ ಅಳತೆಯನ್ನು ತೆಗೆಯಿರಿ. ಸಾಮಾನ್ಯವಾಗಿ ಈ ತಿರುಪು ಸಿಲಿಂಡರಿಗೂ ಲಿಫ್ಟಿನ ವಾಲ್ವಿಗೂ ನಡುವೆ ಇರುತ್ತದೆ. ಬಿಗಿದಾಗ ಇಳಿತ ನಿಂತರೆ ಸಿಲಿಂಡರ್ ಸರಿಯಾಗಿದೆ, ಸೋರುತ್ತಿರುವುದು ವಾಲ್ವು. ಬಿಗಿದರೂ ಇಳಿಯುತ್ತಲೇ ಇದ್ದರೆ ಪಿಸ್ಟನ್ನಿನ ಸೀಲು ಅಥವಾ ಸಿಲಿಂಡರಿನ ರಕ್ಷಣಾ ವಾಲ್ವಿನ ಕಡೆ ದೋಷವಿದೆ. ಸ್ವಲ್ಪ ಇಳಿತವನ್ನು ಸಾಮಾನ್ಯವಾಗಿ ಕಂಪನಿಗಳು ಒಪ್ಪುತ್ತವೆ. ಎಷ್ಟೆಂಬುದನ್ನು ಸರ್ವಿಸ್ ಕೈಪಿಡಿಯಿಂದ ಓದಿ ಹೇಳಲು ಕೇಳಿರಿ. ಹೊಸ ಟ್ರಾಕ್ಟರಿನಲ್ಲಿ ಕಣ್ಣಿಗೆ ಕಾಣುವಂತೆ ತೋಳು ಇಳಿಯುತ್ತಿದ್ದರೆ ಅದನ್ನು ಸಹಜವೆಂದು ಒಪ್ಪಿಕೊಳ್ಳಬೇಕಾಗಿಲ್ಲ.

ಹೆಜ್ಜೆ 6: ಗೇಜು

ಇಲ್ಲಿಯವರೆಗೆ ಕಾರಣ ಸಿಗದಿದ್ದರೆ ಮಾತ್ರ ಒತ್ತಡ ಅಳೆಯಬೇಕು, ಅದನ್ನು ಸರ್ವಿಸ್ ಕೇಂದ್ರದವರಿಂದ ನಿಮ್ಮೆದುರು ಮಾಡಿಸುವುದು ಲೇಸು. 0–250 ಬಾರ್ ಗೇಜನ್ನು ಹೆಚ್ಚುವರಿ ಕಪ್ಲರಿಗೆ ಸಿಕ್ಕಿಸಿ, ಎಣ್ಣೆ ಬಿಸಿಯಾದ ಮೇಲೆ, ಇಂಜಿನನ್ನು ಕೈಪಿಡಿ ಹೇಳಿದ ವೇಗಕ್ಕೆ ತಂದು, ಲಿವರನ್ನು ಐದಾರು ಸೆಕೆಂಡು ಮಾತ್ರ ಹಿಡಿದು ಓದಬೇಕು. ಒತ್ತಡ ಸರಿಯಿದ್ದೂ ಲಿಫ್ಟು ಸೋತರೆ ಪಂಪು ನಿರ್ದೋಷಿ, ದೋಷ ಲಿಫ್ಟಿನ ಬದಿಯಲ್ಲಿದೆ. ಒತ್ತಡವೇ ಕಡಿಮೆಯಿದ್ದರೆ ಎಳೆಯುವ ಬದಿ, ರಿಲೀಫ್ ವಾಲ್ವು, ಕೊನೆಗೆ ಪಂಪು ಎಂಬ ಕ್ರಮದಲ್ಲಿ ಹುಡುಕಬೇಕು. ಬೆಳಗ್ಗೆ ಸರಿಯಾಗಿದ್ದು, ಮಧ್ಯಾಹ್ನ ಎಣ್ಣೆ ಕಾದಾಗ ಮಾತ್ರ ಸೋಲುವ ಲಿಫ್ಟಿನಲ್ಲಿ ಒಳಸೋರಿಕೆಯ ಸಾಧ್ಯತೆ ಹೆಚ್ಚು, ಏಕೆಂದರೆ ತೆಳುವಾದ ಎಣ್ಣೆ ಸಣ್ಣ ಸಂದಿನಲ್ಲೂ ಜಾರಿಹೋಗುತ್ತದೆ.

ರಿಲೀಫ್ ವಾಲ್ವಿನ ತಿರುಪನ್ನು ಇನ್ನಷ್ಟು ಬಿಗಿದರೆ ಶಕ್ತಿ ಬರುತ್ತದೆಂಬ ಸಲಹೆ ಎಲ್ಲ ಗ್ಯಾರೇಜುಗಳಲ್ಲೂ ಸಿಗುತ್ತದೆ. ಅದನ್ನು ಕೇಳದಿರುವುದೇ ಕ್ಷೇಮ. ಮಿತಿ ಮೀರಿದ ಒತ್ತಡ ಹೋಸು, ಸೀಲು, ಪಂಪಿನ ಒಡಲು ಮೂರನ್ನೂ ಕೆಡಿಸಬಲ್ಲದು, ಕಂಪನಿ ಹಾಕಿದ ಮುದ್ರೆ ಮುರಿದ ಗುರುತು ಉಳಿದರೆ ವಾರಂಟಿಯೂ ಹೋಗುತ್ತದೆ.

ಹೆಜ್ಜೆ 7: ವಾರಂಟಿಯ ದಾರಿ

ಗಡಿಯೂರುಗಳ ಕಷ್ಟ ಇಲ್ಲಿ ಎದುರಾಗುತ್ತದೆ. ಟ್ರಾಕ್ಟರನ್ನು ಪುತ್ತೂರಿನಲ್ಲೋ ಮಂಗಳೂರಿನಲ್ಲೋ ಕೊಂಡು ಕೇರಳದಲ್ಲಿ ನೋಂದಾಯಿಸಿದಾಗ, ಮಾರಿದವರು ಕಾಞಂಗಾಡಿನ ಕೇಂದ್ರಕ್ಕೆ ಹೋಗಿ ಎನ್ನುವುದು, ಅಲ್ಲಿಯವರು ಮಾರಿದವರಲ್ಲೇ ಕೇಳಿ ಎನ್ನುವುದು ಹೊಸತೇನಲ್ಲ. ಯಾವ ಸರ್ವಿಸ್ ಕೇಂದ್ರ ವಾರಂಟಿಯ ಕೆಲಸ ಮಾಡಿಕೊಡುತ್ತದೆಂಬುದನ್ನು ಹಣ ಕೊಡುವ ಮೊದಲೇ ಲಿಖಿತವಾಗಿ ಪಡೆಯಬೇಕು. ದೂರನ್ನು ಫೋನಿನಲ್ಲಿ ಹೇಳಿ ಬಿಡದೆ, ಗಂಟೆ ಮೀಟರಿನ ಓದು, ತೊಂದರೆ ಬಿಸಿಯಲ್ಲೋ ತಣ್ಣಗಿರುವಾಗಲೋ, ಯಾವ ಉಪಕರಣದೊಡನೆ, ಇಳಿತದ ಅಳತೆ ಎಷ್ಟು ಎಂಬುದನ್ನೆಲ್ಲ ಬರೆದು, ಸದ್ದು ಕೇಳಿಸುವ ವಿಡಿಯೊದೊಂದಿಗೆ ಕಳಿಸಬೇಕು.

ಅದರಿಂದಲೂ ಫಲ ಕಾಣದಿದ್ದರೆ 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು, ಅಂದರೆ ಮಾರಾಟಗಾರ ಮಂಗಳೂರಿನವನಾದರೂ ಕಾಸರಗೋಡಿನಲ್ಲೇ ಪ್ರಕರಣ ಹೂಡಬಹುದು. ದೂರಿಗೆ ಕಾರಣ ಉಂಟಾದ ದಿನದಿಂದ ಎರಡು ವರ್ಷದೊಳಗೆ ಇದಾಗಬೇಕು.

ದುರಸ್ತಿಯಾಗಿ ಟ್ರಾಕ್ಟರ್ ಮರಳುವ ದಿನ ಜಾಬ್ ಕಾರ್ಡಿಗೆ ಸಹಿ ಹಾಕುವ ಮುನ್ನ, ಮೊದಲು ಬಳಸಿದ ಅದೇ ಭಾರವನ್ನು ಎತ್ತಿ ಇಳಿತದ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿ, ಹೊಸ ಅಳತೆಯನ್ನೂ ಬದಲಾಯಿಸಿದ ಬಿಡಿಭಾಗಗಳ ಹೆಸರನ್ನೂ ತುಂಬಿದ ಎಣ್ಣೆಯ ದರ್ಜೆಯನ್ನೂ ಅದರಲ್ಲಿಯೇ ಬರೆಸಿಕೊಳ್ಳಬೇಕು.